ಅಮ್ಮನ ಹಿಂದೆ ಹಾಡು ಹೇಳಿದವರು

ಹೋದ ವರ್ಷ ದೀಪಾವಳಿ ಕಳೆದ ವಾರ ನಮ್ಮ ಮನೆಗೆ ಒಂದು ಕೆಂಪು ಪೆಟ್ಟಿಗೆ ಬಂತು, ಹಾಡನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಲು ಬೇಕಾಗುವ ಆಡಿಯೋ ಇಂಟರ್‌ಫೇಸ್. ಹಳೇ ಟ್ರಾನ್ಸಿಸ್ಟರ್ ರೇಡಿಯೋದಷ್ಟು ದೊಡ್ಡದು. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಫ್ರಿಜ್ಜಿಗೆ ಸ್ಟೆಬಿಲೈಜರ್ ಇತ್ತಲ್ಲೇ, ಇನ್ನೊಂದು ಯಾಕೆ?" ಅಂದಳು. ನನ್ನ ಅರ್ಧ ತಿಂಗಳ ಸಂಬಳ ಅದು ಅಂತ ನಾನು ಹೇಳಲಿಲ್ಲ.

ನಾನಿರುವುದು ಸಾಗರದಲ್ಲಿ. ಹಗಲು ಆಫೀಸು, ಸಂಜೆ ಹಾರ್ಮೋನಿಯಂ. ಗಣಪತಿ ಪೆಂಡಾಲು, ಶಾಲೆ ವಾರ್ಷಿಕೋತ್ಸವ, ಯಾರದ್ದಾದರೂ ಮನೆಯ ಸತ್ಯನಾರಾಯಣ ಪೂಜೆ, ಇಷ್ಟು ಕಡೆ ಭಾವಗೀತೆ, ದೇವರನಾಮ ಹಾಡುತ್ತೇನೆ. ಹಾಡಿದ್ದನ್ನು ಮೊದಲೆಲ್ಲ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡುತ್ತಿದ್ದೆ. ಒಂದು ಸಂಗತಿ ಮಾತ್ರ ತಲೆ ತಿನ್ನುತ್ತಿತ್ತು. ಹಾಡಿನ ನಡುವೆ ಹಾರ್ಮೋನಿಯಂ ಶ್ರುತಿ ಸುಮ್ನೆ ಕರಗಿಹೋಗುತ್ತಿತ್ತು. ನನ್ನ ಕೈಯದೇ ತಪ್ಪು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಫೋನು ಮಾತಾಡಲು ಮಾಡಿದ ಯಂತ್ರ. ಒಂದೇ ಸಮನೆ ಬರುವ ಶಬ್ದವನ್ನು ಅದು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತದೆ. ತಂಬೂರಿ, ಶ್ರುತಿಪೆಟ್ಟಿಗೆ ಎಲ್ಲಾ ಅದರ ಕಿವಿಗೆ ಗಲಾಟೆ.

ಮೈಸೂರಿನಲ್ಲಿರುವ ಅಕ್ಕನ ಮಗ ಗಿಟಾರ್ ನುಡಿಸುತ್ತಾನೆ. ಅವನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ನೀನು ಹಾಡೋದು ಒಬ್ಬಳೇನಾ, ಜೊತೆಗೆ ಇನ್ನೊಂದು ಮೈಕ್ ಬೇಕಾ?" ಇದು ಅವನ ಮೊದಲ ಪ್ರಶ್ನೆ. ಅಂಗಡಿಯವರು ಯಾರೂ ಕೇಳದ ಪ್ರಶ್ನೆ ಅದು. ಫೋಕಸ್‌ರೈಟ್‌ನವರ ಸ್ಕಾರ್ಲೆಟ್ ಸೋಲೋ ಅನ್ನುವ ಪೆಟ್ಟಿಗೆಯಲ್ಲಿ ಮೈಕ್‌ಗೆ ಒಂದೇ ತೂತು. ಟೂ ಐ ಟೂ ಅನ್ನುವುದರಲ್ಲಿ ಎರಡು. ಹಾರ್ಮೋನಿಯಂಗೆ ಒಂದು, ಬಾಯಿಗೊಂದು ಅಂತ ಎರಡರದ್ದನ್ನೇ ತರಿಸಿದೆ. ಆ ಎರಡನೇ ತೂತು ಕೊನೆಗೆ ಬೇರೆಯದೇ ಕೆಲಸಕ್ಕೆ ಬಂತು.

ಈ ಪೆಟ್ಟಿಗೆ ಮಾಡುವ ಕೆಲಸ ದೊಡ್ಡ ಗುಟ್ಟೇನಲ್ಲ. ಮೈಕ್‌ನಿಂದ ಹೊರಡುವ ವಿದ್ಯುತ್ತು ತೀರಾ ಸಣ್ಣದು, ವೋಲ್ಟಿನ ಸಾವಿರದಲ್ಲಿ ಕೆಲವು ಭಾಗ. ಅದನ್ನು ದೊಡ್ಡದು ಮಾಡುತ್ತದೆ. ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಮಾಡುತ್ತದೆ. ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಅಲ್ಲಿಂದ ವಾಪಸ್ ಬಂದ ಅಂಕಿಗಳನ್ನು ಮತ್ತೆ ಶಬ್ದ ಮಾಡಿ ಹೆಡ್‌ಫೋನ್‌ಗೆ ಕೊಡುತ್ತದೆ. ಈ ಹೋಗಿ ಬರುವ ದಾರಿಯನ್ನು ನೆನಪಿಡಿ, ಮುಂದೆ ಅಮ್ಮ ಅಲ್ಲೇ ಸಿಕ್ಕಿಬೀಳುತ್ತಾಳೆ.

ಮೈಕ್ ವಿಷಯದಲ್ಲಿ ನಾನು ಎಡವಿದೆ. ಸ್ಟುಡಿಯೋದಲ್ಲಿ ಇರುವಂಥದ್ದೇ ಬೇಕು ಅಂತ ಕಂಡೆನ್ಸರ್ ಮೈಕ್ ತಂದೆ. ಇದಕ್ಕೆ ಪೆಟ್ಟಿಗೆಯಿಂದಲೇ 48 ವೋಲ್ಟ್ ಕೊಡಬೇಕು, ಅದಕ್ಕೊಂದು ಗುಂಡಿ ಇದೆ. ಗುಂಡಿ ಒತ್ತಿದ್ದೇ ತಡ, ಇಡೀ ಬೀದಿ ನನ್ನ ಕಿವಿಗೆ ಬಂತು. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಏನೇನಿದೆ ಅಂತ ಹೇಳುತ್ತೇನೆ ಕೇಳಿ. ಪಕ್ಕದ ಮನೆ ಕುಕ್ಕರಿನ ಮೂರು ಸೀಟಿ. ಮೀನಿನವನ ಪೋಂ ಪೋಂ ಹಾರ್ನು. ಗೋಡೆ ಗಡಿಯಾರದ ಟಿಕ್ ಟಿಕ್. ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದ್ದು. ಇದೆಲ್ಲದರ ಹಿಂದೆ, ಬಾವಿಯೊಳಗೆ ಕೂತು ಹಾಡಿದ ಹಾಗೆ, ನಾನು.

ಬಾವಿಯ ದೋಷ ಮೈಕಿನದ್ದಲ್ಲ, ರೂಮಿನದ್ದು. ಮುಂದಿನ ರೂಮಿಗೆ ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಒಂದು ದಿವಾನ ಬಿಟ್ಟರೆ ಬೇರೇನಿಲ್ಲ. ಚಪ್ಪಾಳೆ ತಟ್ಟಿದರೆ ಟಣ್ ಅನ್ನುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಅಂತ ಹೇಳುವವರು ಇದ್ದಾರೆ. ಅದರಿಂದ ಹೆಚ್ಚೇನೂ ಆಗುವುದಿಲ್ಲ, ತೆಳು ರಟ್ಟು ಎಷ್ಟು ಶಬ್ದ ಹೀರೀತು? ಅಲ್ಲದೆ ನಮ್ಮ ಮನೆಗೆ ಮೊಟ್ಟೆ ಟ್ರೇ ಬಂದಿದ್ದರೆ ಅಮ್ಮ ಮನೆ ಬಿಡುತ್ತಿದ್ದಳು. ಕೊನೆಗೆ ಮಲಗುವ ರೂಮಿಗೆ ಹೋದೆ. ಸೀರೆಯ ಬೀರು ಪೂರ್ತಿ ತೆರೆದಿಟ್ಟೆ. ಹತ್ತಿಯ ಹಾಸಿಗೆಯನ್ನು ಗೋಡೆಗೆ ಒರಗಿಸಿದೆ. ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕಂಬಳಿ ಇಳಿಬಿಟ್ಟೆ. ಖರ್ಚು ಸೊನ್ನೆ. ಕೆಂಪು ಪೆಟ್ಟಿಗೆ ತಂದಾಗ ಆದ ವ್ಯತ್ಯಾಸಕ್ಕಿಂತ ಈ ಕಂಬಳಿಗಳಿಂದ ಆದ ವ್ಯತ್ಯಾಸ ಜಾಸ್ತಿ. ನಿಜವಾಗಿ.

ಆಮೇಲೆ ನಮ್ಮ ಭಜನಾ ಮಂಡಳಿಯ ತಬಲದವರು ತಮ್ಮ ಹಳೇ ಎಸ್‌ಎಂ 58 ಮೈಕನ್ನು ಕೊಟ್ಟರು. ಶೂರ್ ಕಂಪನಿ 1966ರಿಂದ ಮಾಡಿಕೊಂಡು ಬಂದಿರುವ, ಮೇಲೆ ಜಾಲರಿ ಗುಂಡು ಇರುವ ಮೈಕ್. ಆರ್ಕೆಸ್ಟ್ರಾ ಸ್ಟೇಜಿನ ಮೇಲೆ ನೀವೆಲ್ಲ ನೋಡಿರುತ್ತೀರಿ. ಇದು ಡೈನಮಿಕ್ ಮೈಕ್, 48 ವೋಲ್ಟ್ ಬೇಡ. ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವ ತಿರುಗಣೆ, ಅದನ್ನು ಮಾತ್ರ ಜಾಸ್ತಿ ತಿರುಗಿಸಬೇಕು. ಬಾಯಿ ಹತ್ತಿರ ಇಟ್ಟುಕೊಂಡು ಹಾಡಿದರೆ ಹತ್ತಿರದ್ದು ಮುಂದೆ ಬರುತ್ತದೆ, ದೂರದ್ದು ಹಿಂದೆ ಸರಿಯುತ್ತದೆ. ಮೀನಿನವನು ಪೂರ್ತಿ ಹೋಗಲಿಲ್ಲ, ಆದರೆ ಮುಂದಿನ ಬೀದಿಗೆ ಹೋದ. ಮನೆಯಲ್ಲಿ ಶುರು ಮಾಡುವವರು ಯಾರಾದರೂ ಕೇಳಿದರೆ ನಾನು ಡೈನಮಿಕ್ ಮೈಕನ್ನೇ ಹೇಳುತ್ತೇನೆ. ದೂರ ಎಷ್ಟು ಅಂದರೆ, ಗೇಣಿಗಿಂತ ಕಡಿಮೆ, ನಾಲ್ಕು ಬೆರಳಿಗಿಂತ ಜಾಸ್ತಿ. ತೀರಾ ಅಂಟಿಕೊಂಡು ಹಾಡಿದರೆ ದನಿ ದಪ್ಪಗಾಗುತ್ತದೆ.

ಇನ್ನು ಸಾಫ್ಟ್‌ವೇರ್. ಮೊದಲು ಆಡಾಸಿಟಿ ಹಾಕಿಕೊಂಡೆ, ಪುಕ್ಕಟೆ. ಒಂದು ದನಿ ರೆಕಾರ್ಡ್ ಮಾಡಿ ಹಿಂದೆ ಮುಂದೆ ಕತ್ತರಿಸಲು ಅದು ಧಾರಾಳ ಸಾಕು. ಹಾರ್ಮೋನಿಯಂ ಬೇರೆ, ದನಿ ಬೇರೆ ಇಟ್ಟುಕೊಂಡು ಕೆಲಸ ಮಾಡಲು ಮೈಸೂರಿನ ಹುಡುಗ ರೀಪರ್ ಹಾಕಿಸಿದ. ನಮ್ಮ ಕಾಲದಲ್ಲಿ ಹಾಡು ಕೇಳಲು ಎಲ್ಲರ ಕಂಪ್ಯೂಟರಿನಲ್ಲೂ ವಿನ್‌ಆಂಪ್ ಇತ್ತಲ್ವಾ, ಅದನ್ನು ಬರೆದ ಜಸ್ಟಿನ್ ಫ್ರಾಂಕಲ್ ಅವರೇ ಇದನ್ನೂ ಶುರು ಮಾಡಿದ್ದು. 60 ದಿನ ಪೂರ್ತಿ ಬಳಸಿ ನೋಡಬಹುದು. ಆಮೇಲೆ ನಮ್ಮಂಥವರಿಗೆ 60 ಡಾಲರ್. ನಾನು 60 ದಿನ ಮುಗಿಯುವ ತನಕ ಕಾದೇ ದುಡ್ಡು ಕಟ್ಟಿದ್ದು.

ಮೊದಲ ಎರಡು ಸಂಜೆ ಒಂದು ಚೂರೂ ಶಬ್ದ ಬರಲಿಲ್ಲ. ಪೆಟ್ಟಿಗೆಯ ಲೈಟು ಉರಿಯುತ್ತಿದೆ, ಲ್ಯಾಪ್‌ಟಾಪ್ ಮೂಕ. ಕಾರಣ ಇಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡೇ ಇತ್ತು. ಅಲ್ಲಿ ಆಸಿಯೋ (ಪೆಟ್ಟಿಗೆಯ ಜೊತೆ ನೇರ ಮಾತಾಡುವ ದಾರಿ) ಅಂತ ಆರಿಸಿ, ಪೆಟ್ಟಿಗೆಯ ಜೊತೆ ಬರುವ ಡ್ರೈವರ್ ತೋರಿಸಬೇಕು. ವಿಂಡೋಸ್ ಬಳಸುವವರಿಗೆ ಮಾತ್ರ ಈ ಗೋಳು. ಮೂರನೇ ಸಂಜೆ ಶಬ್ದ ಬಂತು, ಹುಮ್ಮಸ್ಸಿನಲ್ಲಿ ಒಂದು ಹಾಡು ಪೂರ್ತಿ ಹಾಡಿದೆ. ಪಲ್ಲವಿ, ಎರಡು ಚರಣ, ಒಂದೂ ತಪ್ಪಿಲ್ಲ. ನೋಡಿದರೆ ಪರದೆ ಖಾಲಿ. ಟ್ರ್ಯಾಕಿನ ಪಕ್ಕದ ಸಣ್ಣ ಕೆಂಪು ಗುಂಡಿ ಒತ್ತಿರಲಿಲ್ಲ. ಆವತ್ತಿನಷ್ಟು ಚೆನ್ನಾಗಿ ಆ ಹಾಡನ್ನು ನಾನು ಮತ್ತೆ ಹಾಡಿಲ್ಲ.

ಗೇನ್ ವಿಷಯದಲ್ಲಿ ನನಗಿದ್ದದ್ದು ಕ್ಯಾಸೆಟ್ ಕಾಲದ ಬುದ್ಧಿ. ಆಗ ಸಣ್ಣಗೆ ರೆಕಾರ್ಡ್ ಮಾಡಿದರೆ ಟೇಪಿನ ಸ್ ಸ್ ಸದ್ದೇ ಮೇಲೆ ಬರುತ್ತಿತ್ತು. ಹಾಗಾಗಿ ಮುಳ್ಳು ಕೆಂಪು ಮುಟ್ಟುವ ತನಕ ಏರಿಸುವುದು ರೂಢಿ. ಇಲ್ಲಿ ಅದು ನಡೆಯುವುದಿಲ್ಲ. ಸೊನ್ನೆ ಡೆಸಿಬೆಲ್ ಅನ್ನುವುದು ಮಾಳಿಗೆ, ಅದಕ್ಕೆ ತಲೆ ತಾಗಿದರೆ ತಲೆಯೇ ಹೋಗುತ್ತದೆ. ಗೇನ್ ತಿರುಗಣೆಯ ಸುತ್ತ ಒಂದು ಉಂಗುರ ಇದೆ, ಹಸಿರಾಗಿ ಉರಿಯುತ್ತದೆ, ಮಿತಿ ಮೀರಿದರೆ ಕೆಂಪಾಗುತ್ತದೆ. ನನ್ನ ತಾರ ಷಡ್ಜದಲ್ಲಿ ಅದು ಕೆಂಪಾಗಿದ್ದನ್ನು ನಾನು ನೋಡಿಲ್ಲ, ಕಣ್ಣು ಮುಚ್ಚಿ ಹಾಡುತ್ತಿದ್ದೆ. ಕೇಳಿದಾಗ ಆ ಸ್ವರ ಹರಿದ ಸ್ಪೀಕರಿನ ಹಾಗೆ ಚರ್ರ್ ಅಂತು. ಹಾಗೆ ಹರಿದದ್ದನ್ನು ಆಮೇಲೆ ಹೊಲಿಯಲು ಆಗುವುದಿಲ್ಲ. ಈಗ 24 ಬಿಟ್ ಇಟ್ಟುಕೊಂಡು (ಪ್ರತಿ ಅಳತೆಯೂ ಅಷ್ಟು ಸೂಕ್ಷ್ಮ), ಎಷ್ಟು ಜೋರು ಹಾಡಿದರೂ ಮೈನಸ್ 12 ಡೆಸಿಬೆಲ್ ಹತ್ತಿರವೇ ನಿಲ್ಲುವ ಹಾಗೆ ಮಾಡುತ್ತೇನೆ. ಸಣ್ಣಗೆ ಬಂದದ್ದನ್ನು ಆಮೇಲೆ ಧಾರಾಳವಾಗಿ ಏರಿಸಬಹುದು.

ಇನ್ನೊಂದು ಕಾಟ ಗುಂಯ್ ಅನ್ನುವ ಸದ್ದು. ಎರಡು ದಿನ ವೈರು ಬದಲಿಸಿ, ಪೆಟ್ಟಿಗೆಯ ಜಾಗ ಬದಲಿಸಿ ಒದ್ದಾಡಿದೆ. ಕರೆಂಟ್ ಹೋದಾಗ ಸದ್ದೂ ಹೋಯಿತು! ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಮನೆಯ ಕರೆಂಟು 50 ಹರ್ಟ್ಸ್, ಆ ಗುಂಯ್ ಚಾರ್ಜರಿನ ದಾರಿಯಲ್ಲಿ ಒಳಗೆ ಬರುತ್ತಿತ್ತು. ಈಗ ರೆಕಾರ್ಡ್ ಮಾಡುವಾಗ ಚಾರ್ಜರ್ ಕಿತ್ತು ಇಡುತ್ತೇನೆ. ನಮ್ಮೂರಲ್ಲಿ ಕರೆಂಟ್ ಹೋಗುವುದರಿಂದ ಆದ ಉಪಕಾರ ಇದೊಂದೇ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಮ್ಮನನ್ನು ಕೂರಿಸಿದೆ. ಅಮ್ಮನ ಹತ್ತಿರ ಒಂದು ನೋಟ್‌ಬುಕ್ ಇದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎಣ್ಣೆ ಶಾಸ್ತ್ರದ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ಒಟ್ಟು 61. ಅರ್ಧ ಅಜ್ಜಿಯ ಬಾಯಿಂದ ಬರೆದುಕೊಂಡದ್ದು. ಸಾಹಿತ್ಯ ಮಾತ್ರ ಇದೆ, ಧಾಟಿ ಅಮ್ಮನ ತಲೆಯಲ್ಲಿ. ಅಮ್ಮನಿಗೆ ಈಗ 74.

ಹೆಡ್‌ಫೋನ್ ಹಾಕಿ, ಶ್ರುತಿ ಕೊಟ್ಟು, "ಹೇಳಮ್ಮ" ಅಂದೆ. ಒಂದು ಸಾಲು ಹೇಳಿದಳು. ನಿಲ್ಲಿಸಿದಳು. ಹಿಂದೆ ತಿರುಗಿ ನೋಡಿದಳು. ಮತ್ತೆ ಒಂದು ಸಾಲು, ಈ ಸಲ ನಿಧಾನ. ಮೂರನೇ ಸಾಲಿಗೆ ಎಳೆದು ಎಳೆದು ನಿಂತೇಬಿಟ್ಟಳು. ಹೆಡ್‌ಫೋನ್ ಕಿತ್ತು, "ಯಾರೇ ಅದು ನನ್ನ ಹಿಂದೆ ಹೇಳ್ತಿರೋದು? ನಾನು ಹೇಳಿ ಮುಗಿಸೋಕೆ ಬಿಡೋದಿಲ್ಲವಲ್ಲ ಮಾರಾಯ್ತಿ" ಅಂದಳು.

ಹೇಳುತ್ತಿದ್ದದ್ದು ಅಮ್ಮನೇ. ನಾನು ಬಫರ್ ಅನ್ನು 1024ಕ್ಕೆ ಇಟ್ಟಿದ್ದೆ. ಅಂದರೆ ಲ್ಯಾಪ್‌ಟಾಪ್ 1024 ಅಂಕಿ ಸೇರುವ ತನಕ ಕಾದು, ಒಟ್ಟಿಗೆ ಎತ್ತಿಕೊಳ್ಳುತ್ತದೆ. ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಅದು 21 ಮಿಲಿಸೆಕೆಂಡ್. ಹೋಗುವಾಗ ಅಷ್ಟು, ಬರುವಾಗ ಅಷ್ಟು. ಪೆಟ್ಟಿಗೆಯೊಳಗೆ ಹಿಡಿಯುವ ಸಮಯ ಬೇರೆ. ಎಲ್ಲ ಸೇರಿ 43ಕ್ಕಿಂತ ಜಾಸ್ತಿ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ ಸುಮಾರು 15 ಮೀಟರ್ ಹೋಗುತ್ತದೆ. ಅಂದರೆ ನಮ್ಮ ಹಿತ್ತಿಲ ಬೇಲಿಯ ಹತ್ತಿರ ಯಾರೋ ನಿಂತು ಅಮ್ಮನ ದನಿಯಲ್ಲೇ ಹಾಡುತ್ತಿದ್ದ ಹಾಗೆ. ಲೇಟೆನ್ಸಿ ಅಂತ ಇದಕ್ಕೆ ಹೆಸರು. ನಾನು ಇದರ ಬಗ್ಗೆ ಹತ್ತು ವಿಡಿಯೋ ನೋಡಿದ್ದೆ, ತಲೆಗೆ ಹೋಗಿರಲಿಲ್ಲ. ಅಮ್ಮ ಹಿಂದೆ ತಿರುಗಿ ನೋಡಿದಾಗ ಹೋಯಿತು.

ಇದಕ್ಕೆ ಪರಿಹಾರ ಎರಡು. ಬಫರ್ ಅನ್ನು 128ಕ್ಕೆ ಇಳಿಸಿದರೆ ಒಂದು ದಿಕ್ಕಿಗೆ 3 ಮಿಲಿಸೆಕೆಂಡಿಗಿಂತ ಕಡಿಮೆ. ನನ್ನ ಹಳೇ ಲ್ಯಾಪ್‌ಟಾಪ್ ಅಷ್ಟು ಅವಸರ ತಡೆಯುವುದಿಲ್ಲ, ಚಟಪಟ ಅಂತ ಸದ್ದು ಮಾಡುತ್ತದೆ. ಇನ್ನೊಂದು, ಪೆಟ್ಟಿಗೆಯ ಮೇಲಿರುವ ಡೈರೆಕ್ಟ್ ಮಾನಿಟರ್ ಗುಂಡಿ. ಅದನ್ನು ಒತ್ತಿದರೆ ದನಿ ಲ್ಯಾಪ್‌ಟಾಪಿಗೆ ಹೋಗಿ ಬರುವ ತನಕ ಕಾಯದೆ ಪೆಟ್ಟಿಗೆಯಿಂದಲೇ ಕಿವಿಗೆ ಬರುತ್ತದೆ. ಒತ್ತಿದೆ. ರೀಪರ್‌ನಲ್ಲಿ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿದೆ, ಇಲ್ಲದಿದ್ದರೆ ಎರಡೆರಡು ಕೇಳುತ್ತದೆ. ಹಿಂದೆ ಹೇಳುತ್ತಿದ್ದವರು ಹೋದರು.

ಆದರೂ ಹಾಡು ಏಳಲಿಲ್ಲ. ಅಮ್ಮ ಒಂದೊಂದೇ ಸಾಲು ಹೇಳಿ ಕಾಯುತ್ತಾಳೆ, ಮತ್ತೆ ಎರಡನೇ ಸಲ ತಾನೇ ಹೇಳಿ ಉಸಿರು ಕಟ್ಟಿಕೊಳ್ಳುತ್ತಾಳೆ. ಈ ಹಾಡುಗಳನ್ನು ಯಾರೂ ಒಬ್ಬರೇ ಹೇಳುವುದಿಲ್ಲ. ಒಬ್ಬರು ಸಾಲು ಎತ್ತಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು. ಅಷ್ಟರಲ್ಲಿ ಮೊದಲನೆಯವರಿಗೆ ಉಸಿರೂ ಬರುತ್ತದೆ, ಮುಂದಿನ ಸಾಲಿನ ನೆನಪೂ ಬರುತ್ತದೆ. "ಹಿಂದೆ ಹೇಳೋರು ಇಲ್ಲದೆ ಹೇಗೆ ಹೇಳಲಿ?" ಅಂದಳು. ಹತ್ತು ನಿಮಿಷ ಮೊದಲು ಹಿಂದೆ ಹೇಳುವವರನ್ನು ಓಡಿಸಿದ್ದು ಇವಳೇ.

ಹಾಗೆ ಎರಡನೇ ತೂತಿಗೆ ಕೆಲಸ ಬಂತು. ಅಮ್ಮನಿಗೆ ಎಸ್‌ಎಂ 58, ಮೂಲೆ ಸೇರಿದ್ದ ಕಂಡೆನ್ಸರ್ ನನಗೆ, ಗೇನ್ ತೀರಾ ಇಳಿಸಿ. ಇಬ್ಬರೂ ಎದುರುಬದುರು ಕೂತೆವು. ಎರಡೂ ಮೈಕುಗಳಿಗೆ ಮುಂದಿನದ್ದು ಚೆನ್ನಾಗಿ ಕೇಳುತ್ತದೆ, ಬೆನ್ನಿನ ಕಡೆಯದ್ದು ಕಡಿಮೆ. ಎದುರು ಕೂತರೆ ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಬಾಯಿಗೆ ಬರುತ್ತದೆ. ಸ್ವಲ್ಪ ಸೋರುತ್ತದೆ, ಸೋರಲಿ. ನಾನು ಹಾರ್ಮೋನಿಯಂನಲ್ಲಿ ಜಿ ಶ್ರುತಿ ಇಟ್ಟುಕೊಂಡು ಹಾಡುವವಳು, ಅಮ್ಮನಿಗೆ ಎಫ್ ಕೂಡ ಎತ್ತರ. ಕೊನೆಗೆ ಡಿಯಲ್ಲಿ ನಿಂತೆವು. ನನ್ನ ದನಿ ಅಲ್ಲಿ ಗೊರಗೊರ ಅನ್ನುತ್ತದೆ.

ತಾಳ ಹಿಡಿಯಲು ಮೆಟ್ರೊನೋಮ್ ಹಾಕು ಅಂತ ಹುಡುಗ ಹೇಳಿದ್ದ. ಅಮ್ಮನ ಕಿವಿಗೆ ಆ ಟಕ್ ಟಕ್ ಬಿದ್ದದ್ದೇ, ನಲ್ಲಿ ಸೋರುತ್ತಿದೆ ಅಂತ ಎದ್ದಳು. ಅದನ್ನು ಬಿಟ್ಟೆವು. ಶ್ರುತಿ ತಪ್ಪಿದ ಕಡೆ ಸರಿ ಮಾಡಲು ರೀಪರ್‌ನಲ್ಲೇ ರೀಟ್ಯೂನ್ ಅಂತ ಒಂದು ಸಲಕರಣೆ ಇದೆ. ಒಂದು ಸಾಲಿಗೆ ಹಾಕಿ ನೋಡಿದೆ. ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಹೆಂಗಸು ಆರತಿ ಹಾಡಿದ ಹಾಗಾಯಿತು. ತೆಗೆದೆ. ಈಗ ಮಾಡುವುದು ಇಷ್ಟೇ, 80 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕತ್ತರಿಸುತ್ತೇನೆ, ಎರಡು ದನಿಯನ್ನೂ ಸಮ ಮಾಡುತ್ತೇನೆ. ಕೆಮ್ಮು ತೆಗೆಯುತ್ತೇನೆ. "ಇದು ನಿನ್ನ ಅಜ್ಜಿ ಬೇರೆ ಥರ ಹೇಳ್ತಿದ್ದಳು" ಅಂತ ನಡುವೆ ಅಮ್ಮ ಹೇಳಿದ ಮಾತುಗಳನ್ನು ಮಾತ್ರ ತೆಗೆಯುವುದಿಲ್ಲ.

ರೆಕಾರ್ಡಿಂಗ್ ಫೈಲು ಒಂದು ದನಿಗೆ ನಿಮಿಷಕ್ಕೆ ಎಂಟೂವರೆ ಎಂಬಿಗಿಂತ ಸ್ವಲ್ಪ ಜಾಸ್ತಿ, ಇಬ್ಬರದ್ದೂ ಸೇರಿ ಗಂಟೆಗೆ ಒಂದು ಜಿಬಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಬೀರುವಿನ ಲಾಕರಿನಲ್ಲಿ ಒಡವೆಯ ಜೊತೆ ಇದೆ. ಇನ್ನೊಂದು ಮೈಸೂರಿನಲ್ಲಿ ಹುಡುಗನ ಹತ್ತಿರ.

23 ಹಾಡು ಆಗಿತ್ತು, ಮಳೆ ಹಿಡಿಯಿತು. ನಮ್ಮ ತಾರಸಿಯ ಮೇಲೆ ತಗಡಿನ ಶೀಟು ಹಾಕಿಸಿದ್ದೇವೆ. ಅದರ ಮೇಲೆ ಮಲೆನಾಡಿನ ಮಳೆ ಬಿದ್ದರೆ ಯಾವ ಮೈಕೂ, ಎಷ್ಟು ಕಂಬಳಿಯೂ ಕೆಲಸಕ್ಕೆ ಬಾರದು. ಮಳೆ ನಿಂತ ರಾತ್ರಿಗಳಲ್ಲಿ ಜೀರುಂಡೆ. ಹಾಗಾಗಿ ದಸರಾ ತನಕ ರಜೆ. ಅಮ್ಮ ಮಾತ್ರ ದಿನಾ ಸಂಜೆ ನೋಟ್‌ಬುಕ್ ತೆಗೆದು, 24ನೆಯದರ ಧಾಟಿ ಮರೆತುಹೋದೀತು ಅಂತ ನನ್ನನ್ನು ಕೂರಿಸಿಕೊಂಡು ಹೇಳಿಸುತ್ತಾಳೆ. ನಿನ್ನೆ ನಾನು ಒಂದು ತಿರುವು ತಪ್ಪಿದೆ. "ಆ ಪೆಟ್ಟಿಗೆಯವಳೇ ವಾಸಿಯಿದ್ದಳು" ಅಂದಳು.