ತೂಕ ಶೂನ್ಯಕ್ಕಿಂತ ಹೆಚ್ಚಿರಬೇಕು

ಮುಕ್ತ ತಂತ್ರಾಂಶದ ಡೇಟಾಬೇಸ್‌ಗಳಲ್ಲಿ ಯಾವುದರಲ್ಲಿ ಏನಿದೆ, ಏನಿಲ್ಲ ಎಂಬ ಸಾರ್ವಜನಿಕ ಪಟ್ಟಿಯೊಂದನ್ನು ಶಿರಸಿಯ ಮನೆಯಲ್ಲೇ ಕುಳಿತು ಕೆಲವು ವರ್ಷಗಳಿಂದ ನೋಡಿಕೊಂಡು ಬರುತ್ತಿದ್ದೇನೆ. ಸಾಲಿಗೊಂದು ಸೌಲಭ್ಯ, ಅದರ ಎದುರಿಗೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಎಸ್‌ಕ್ಯೂಲೈಟ್‌ಗಳ ಖಾನೆಗಳು. 'ಇದೆ', 'ಇಲ್ಲ' ಎಂಬ ಉತ್ತರಗಳ ಜೊತೆಗೆ ನನ್ನ ಪಟ್ಟಿಯಲ್ಲಿ ಇನ್ನೊಂದು ಉತ್ತರವೂ ಇದೆ: 'ಒಪ್ಪುತ್ತದೆ, ಪಾಲಿಸುವುದಿಲ್ಲ'. ಓದುವವರಿಗೆ ಇದು ಗೊಂದಲ, ತೆಗೆದುಹಾಕಿ ಎಂದವರಿದ್ದಾರೆ. ನಾನು ತೆಗೆದಿಲ್ಲ. ಕಳೆದ ಮಳೆಗಾಲದ ಒಂದು ಮಧ್ಯಾಹ್ನದ ನಂತರ ತೆಗೆಯುವ ಮಾತೇ ಇಲ್ಲ.

ನಮ್ಮ ಪಕ್ಕದ ಮನೆಯ ಹುಡುಗ ಪೇಟೆಯ ಒಂದು ಅಡಿಕೆ ವಖಾರಿಗೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದಾನೆ. ಅಂದು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ. "ಅಣ್ಣ, ಬೆಟ್ಟೆ ಅಡಿಕೆಯ ದಾಸ್ತಾನು ತಾಳೆಯಾಗುತ್ತಿಲ್ಲ. ಖರೀದಿ ಕೋಷ್ಟಕದಲ್ಲಿ ಒಂದು ಮೈನಸ್ ತೂಕ ಸೇರಿಕೊಂಡಿದೆ. ಅದು ಸೇರಲು ಸಾಧ್ಯವೇ ಇಲ್ಲ, ನಾನು ಚೆಕ್ ಹಾಕಿದ್ದೇನೆ" ಎಂದ. ಯಾರೋ ರೈತರು ವಾಪಸು ಒಯ್ದ ಚೀಲಗಳನ್ನು ಗುಮಾಸ್ತರು ಮೈನಸ್ ಗುರುತು ಹಾಕಿ ಖರೀದಿಯಲ್ಲೇ ನಮೂದಿಸಿದ್ದರು. ಗುಮಾಸ್ತರದೇನೂ ತಪ್ಪಲ್ಲ; ಕೈಬರಹದ ಪುಸ್ತಕದಲ್ಲಿ ಅವರು ಮಾಡುತ್ತಿದ್ದದ್ದೂ ಅದನ್ನೇ. ಅಂಥದ್ದನ್ನು ತಡೆಯಬೇಕಾಗಿದ್ದದ್ದು ಡೇಟಾಬೇಸ್.

ಹುಡುಗ ತೋರಿಸಿದ ಕೋಡ್ ಸರಿಯಾಗಿಯೇ ಇತ್ತು. ಕೋಷ್ಟಕ ಕಟ್ಟುವ ಆದೇಶದಲ್ಲಿ ತೂಕ ಶೂನ್ಯಕ್ಕಿಂತ ಹೆಚ್ಚಿರಬೇಕು ಎಂಬ ಚೆಕ್ ನಿಬಂಧನೆ ಸ್ಪಷ್ಟವಾಗಿ ಇತ್ತು. ವಖಾರಿಯ ಯಂತ್ರದಲ್ಲಿ ಇದ್ದದ್ದು ಮೈಎಸ್‌ಕ್ಯೂಎಲ್ 5.7. "ತಮ್ಮ, ಈಗ ಶೋ ಕ್ರಿಯೇಟ್ ಟೇಬಲ್ ಕೊಟ್ಟು ನೋಡು" ಎಂದೆ. ಕೋಷ್ಟಕದ ವಿವರ ಪರದೆಗೆ ಬಂತು. ದಿನಾಂಕ ಇದೆ, ರೈತರ ಖಾತೆ ಸಂಖ್ಯೆ ಇದೆ, ಅಡಿಕೆಯ ಜಾತಿ ಇದೆ, ತೂಕ ಇದೆ. ಚೆಕ್ ಇದ್ದ ಸಾಲು ಮಾತ್ರ ಇಲ್ಲ. ಅವನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಮತ್ತೊಮ್ಮೆ ಓದಿದ. 5.7ರ ಕೈಪಿಡಿಯಲ್ಲಿ ಇದನ್ನು ಬಚ್ಚಿಟ್ಟಿಲ್ಲ: ಚೆಕ್ ಅನ್ನು ಓದಿಕೊಳ್ಳುತ್ತದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದಾರೆ. ಬೇರೆ ಡೇಟಾಬೇಸ್‌ಗಳಿಂದ ಬರುವ ಕೋಡ್ ತಕರಾರಿಲ್ಲದೆ ಓಡಲಿ ಎಂಬುದು ಅದರ ಉದ್ದೇಶ. ನನಗೆ ಈ ಸೌಜನ್ಯ ಒಪ್ಪಿಗೆಯಾಗುವುದಿಲ್ಲ. ಬಾರದು ಎಂದು ತಪ್ಪು ತೋರಿಸಿದ್ದರೆ ಹುಡುಗ ಅಂದೇ ಬೇರೆ ದಾರಿ ಹುಡುಕುತ್ತಿದ್ದ. ಸುಮ್ಮನೆ ಒಪ್ಪಿಕೊಂಡದ್ದರಿಂದ ಕಾವಲು ಇದೆ ಎಂದು ನಂಬಿ ಕುಳಿತ.

ಪಟ್ಟಿಯ ಪ್ರತಿ ಖಾನೆಗೂ ನಾನು ಒಂದು ಪುಟ್ಟ ಪರೀಕ್ಷೆ ಬರೆದಿಟ್ಟಿದ್ದೇನೆ. ಒಂದೇ ಯಂತ್ರದಲ್ಲಿ ತಂತ್ರಾಂಶಗಳನ್ನು ಪ್ರತ್ಯೇಕವಾಗಿ ಓಡಿಸುವ ಡಾಕರ್‌ನಲ್ಲಿ ಪ್ರತಿ ಆವೃತ್ತಿಯನ್ನೂ ಬೇರೆ ಬೇರೆಯಾಗಿ ಎಬ್ಬಿಸಿ ಅದೇ ಸಾಲನ್ನು ತೂರಿಸಿ ನೋಡುತ್ತೇನೆ. ಅವನೆದುರೇ ಓಡಿಸಿದೆ. 5.7 ಮೈನಸ್ ಹತ್ತು ಕಿಲೋವನ್ನು ನುಂಗಿಕೊಂಡು ಒಂದು ಸಾಲು ಸೇರಿತು ಎಂದಿತು. 8.0.16 ಮಾತ್ರ 3819 ಎಂಬ ಸಂಖ್ಯೆಯ ದೋಷ ತೋರಿಸಿ ನಿರಾಕರಿಸಿತು; 2019ರಲ್ಲಿ ಬಂದ ಆ ಆವೃತ್ತಿಯಿಂದಲೇ ಮೈಎಸ್‌ಕ್ಯೂಎಲ್ ಚೆಕ್ ಅನ್ನು ಪಾಲಿಸುತ್ತಿದೆ. ಅದರಿಂದಲೇ ಕವಲೊಡೆದ ಮರಿಯಾಡಿಬಿ 10.2.1ರಿಂದಲೇ ಪಾಲಿಸುತ್ತದೆ. ಪೋಸ್ಟ್‌ಗ್ರೆಸ್ ಯಾವ ಕೋಷ್ಟಕದ ಯಾವ ನಿಬಂಧನೆ ಮುರಿಯಿತು ಎಂಬುದನ್ನೂ ಹೆಸರಿಟ್ಟು ಹೇಳಿತು. ಮೈಎಸ್‌ಕ್ಯೂಎಲ್ ಒಂದನ್ನೇ ದೂರುವುದೂ ನ್ಯಾಯವಲ್ಲ. ಎಸ್‌ಕ್ಯೂಲೈಟ್ ಕೂಡ 3.3.0ಕ್ಕಿಂತ ಮೊದಲು ಚೆಕ್ ಅನ್ನು ಹೀಗೆಯೇ ಕಡೆಗಣಿಸುತ್ತಿತ್ತು. ಒಂದು ಕೋಷ್ಟಕದ ಸಾಲು ಇನ್ನೊಂದರಲ್ಲಿ ನಿಜಕ್ಕೂ ಇರುವ ಸಾಲನ್ನೇ ತೋರಿಸಬೇಕು ಎಂಬ ಫಾರಿನ್ ಕೀ ನಿಬಂಧನೆಯನ್ನಂತೂ 2009ರ 3.6.19ರಿಂದ ಪಾಲಿಸಬಲ್ಲದಾದರೂ ಸಾಮಾನ್ಯವಾಗಿ ಇಂದಿಗೂ ಪ್ರತಿ ಸಂಪರ್ಕದಲ್ಲಿ ನಾವೇ ಪ್ರಗ್ಮಾ ಎಂಬ ಆದೇಶ ಕೊಟ್ಟು ಚಾಲೂ ಮಾಡಬೇಕು. ಆ ಖಾನೆಯಲ್ಲಿ ಬರೀ 'ಇದೆ' ಎಂದು ಬರೆದರೆ ಅಕ್ಷರಶಃ ನಿಜ, ಆದರೆ ಓದಿದವನಿಗೆ ಮೋಸ.

"ಹಾಗಾದರೆ 8.0ಕ್ಕೆ ಏರಿಸಿಬಿಟ್ಟರೆ ಆಯಿತಲ್ಲ ಅಣ್ಣ?" ಎಂದು ಹುಡುಗ ಕೇಳಿದ. 5.7ಕ್ಕೆ ಅಧಿಕೃತ ಬೆಂಬಲ 2023ರ ಅಕ್ಟೋಬರಿನಲ್ಲೇ ನಿಂತಿರುವುದರಿಂದ ಏರಿಸಲೇಬೇಕು. ಆದರೆ ಏರಿಸಿದ ಮಾತ್ರಕ್ಕೆ ಚೆಕ್ ಎದ್ದು ಬರುವುದಿಲ್ಲ. ಹಳೆಯ ಆವೃತ್ತಿ ಅದನ್ನು ಎಲ್ಲಿಯೂ ಬರೆದಿಟ್ಟುಕೊಂಡಿರದ ಕಾರಣ ಹೊಸದಕ್ಕೆ ತಿಳಿಯುವ ದಾರಿಯೇ ಇಲ್ಲ. ಕೋಷ್ಟಕವನ್ನು ತಿದ್ದಿ ನಿಬಂಧನೆಯನ್ನು ಮತ್ತೆ ಸೇರಿಸಬೇಕು. ಮೈನಸ್ ಸಾಲು ಒಳಗೆ ಕುಳಿತಿರುವವರೆಗೆ ಅದನ್ನೂ ಸೇರಿಸಗೊಡುವುದಿಲ್ಲ. ಅಲ್ಲಿಯವರೆಗಿನ ತಡೆಗೆ ಟ್ರಿಗರ್, ಅಂದರೆ ಸಾಲು ಬದಲಾಗುವಾಗ ತಾನಾಗಿ ಓಡುವ ಕೋಡ್, ಬರೆದೆವು, ಸೇರಿಸುವಾಗಿನದ್ದೊಂದು, ತಿದ್ದುವಾಗಿನದ್ದೊಂದು.

ದಾಸ್ತಾನು ತಾಳೆಯಾಯಿತೇ ಎಂದು ಜಾತಿವಾರು ಮೊತ್ತ ತೆಗೆದಾಗ ಇನ್ನೊಂದು ವಿಷಯ ಹೊರಬಿತ್ತು. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಎಲ್ಲಕ್ಕೂ ಒಂದೊಂದು ಸಾಲು, ಕೆಂಪುಗೋಟಿಗೆ ಎರಡು. ಪರದೆಯ ಮೇಲೆ ಎರಡೂ ಒಂದೇ ಪದ, ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹೆಕ್ಸ್ ರೂಪದಲ್ಲಿ, ಅಂದರೆ ಯಂತ್ರ ಇಟ್ಟುಕೊಂಡಿರುವ ಬೈಟ್‌ಗಳನ್ನೇ, ನೋಡಿದರೆ 'ಗೋ' ಅಕ್ಷರದ ದೀರ್ಘ ಓಕಾರಕ್ಕೆ ಒಂದರಲ್ಲಿ ಮೂರು ಬೈಟ್, ಇನ್ನೊಂದರಲ್ಲಿ ಒಂಬತ್ತು. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಆ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರು ತುಂಡುಗಳಾಗಿಯೂ ಇಡಬಹುದು. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ. ಅವನ ಕೋಷ್ಟಕದಲ್ಲಿದ್ದ, ಜನರಲ್ ಸಿಐ ಎಂಬ ಪಠ್ಯ ಹೋಲಿಕೆಯ ವಿಧಾನ ಸಂಕೇತಗಳನ್ನು ಒಂದೊಂದಾಗಿ ನೋಡುವುದರಿಂದ ಅವು ಬೇರೆ ಬೇರೆ ಸರಕುಗಳಾದವು. ವಖಾರಿಯ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಬಂದ ತುಂಡು ಓಕಾರ ಅದು.

ನಾನು ನೋಡಿದ ಇಂಗ್ಲಿಷ್ ಹೋಲಿಕೆ ಪಟ್ಟಿಗಳಲ್ಲಿ ಇಂಥ ಸಾಲೇ ಇರಲಿಲ್ಲ, ಏಕೆಂದರೆ ಅವನ್ನು ತುಂಬಿದವರಿಗೆ ಇದರ ಬಿಸಿ ತಟ್ಟಿರಲಾರದು. ಕನ್ನಡದಲ್ಲಿ ಹೆಸರು, ಊರು, ಸರಕು ಬರೆದಿಡುವ ಪ್ರತಿಯೊಬ್ಬರಿಗೂ ಇದು ಬೇಕು. ಅಂದೇ ಸಂಜೆ ಪಟ್ಟಿಗೆ ಹೊಸ ಸಾಲು ಸೇರಿಸಿದೆ. ಪೋಸ್ಟ್‌ಗ್ರೆಸ್ ಖಾನೆಯಲ್ಲಿ, ಪಠ್ಯವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ 13ನೇ ಆವೃತ್ತಿಯಿಂದ ಇದೆ, ಎರಡು ರೂಪಗಳನ್ನೂ ಸಮವೆಂದು ಹೋಲಿಸುವಂತೆ ಐಸಿಯು ಎಂಬ ಯೂನಿಕೋಡ್ ತಂತ್ರಾಂಶ ಸಂಗ್ರಹದ ವಿಂಗಡಣೆಯನ್ನು ಹೊಂದಿಸುವ ಅನುಕೂಲ 12ರಿಂದಲೇ ಇದೆ. ಎಸ್‌ಕ್ಯೂಲೈಟ್‌ನ ಮೂಲ ಹೋಲಿಕೆ ಬೈಟ್‌ಗಳದ್ದು, ಹಾಗಾಗಿ ಅಲ್ಲಿ ಪಠ್ಯವನ್ನು ಒಳಗೆ ಬಿಡುವ ಮೊದಲೇ ತಂತ್ರಾಂಶ ಸರಿಪಡಿಸಿಕೊಳ್ಳಬೇಕು. ಹುಡುಗ ತನ್ನ ಪೈಥಾನ್ ಕೋಡಿನಲ್ಲಿ ಆ ಕೆಲಸವನ್ನು ನನ್ನ ಮೇಜಿನ ಮೇಲೆಯೇ ಮುಗಿಸಿದ. ಪಟ್ಟಿಯ ಆ ಸಾಲಿನ ಪರೀಕ್ಷೆಗೆ ಈಗ ಬಳಸುತ್ತಿರುವುದು ಅವನ ಎರಡು ಕೆಂಪುಗೋಟುಗಳನ್ನೇ.