ಲಿವರ್ ತಪ್ಪಿಸಿ ಹರಿಯುವ ರಕ್ತ

14 ಜೂನ್ 2024, ಶುಕ್ರವಾರ

ಇವತ್ತು ಅಪರೂಪದ ಕೇಸೊಂದು ಸ್ಕ್ಯಾನಿಗೆ ಬಂತು. ಚಿಕ್ಕ ಹುಡುಗ, ಪ್ರೈಮರಿ ಶಾಲೆಗೆ ಹೋಗುವ ವಯಸ್ಸು. ರಕ್ತದಲ್ಲಿ ಅಮೋನಿಯಾ ಜಾಸ್ತಿ. ಆದರೆ ಕಾಮಾಲೆ ಇಲ್ಲ, ಹೊಟ್ಟೆಯಲ್ಲಿ ನೀರು ತುಂಬಿಲ್ಲ, ಲಿವರ್ ಟೆಸ್ಟ್‌ಗಳೂ ಹೆಚ್ಚುಕಮ್ಮಿ ಸರಿಯಾಗೇ ಇವೆ. "ಕ್ಲಾಸಲ್ಲಿ ಕೂತಲ್ಲೇ ನಿದ್ದೆ ಮಾಡ್ತಾನಂತೆ ಮೇಡಂ. ಸೋಮಾರಿ ಅಂತ ಬೈತಾರೆ. ಬಾಡೂಟ ಉಂಡ ಮಾರನೇ ದಿನ ಇನ್ನೂ ಮಂಕಾಗಿರ್ತಾನೆ" ಎಂದರು ತಾಯಿ. ಆ ಮಾತು ಕೇಳಿದ ಮೇಲೆ ಪೋರ್ಟಲ್ ವೇನನ್ನೇ ಮೊದಲು ನೋಡೋಣ ಅನಿಸಿತು.

ಕರುಳು, ಗುಲ್ಮಗಳ ರಕ್ತವೆಲ್ಲ ಈ ನಾಳಕ್ಕೆ ಬಂದು ಸೇರಿ ಲಿವರ್‌ಗೆ ಹೋಗಬೇಕು. ಲಿವರ್‌ಗೆ ಸಿಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಇದರದ್ದೇ. "ಉಸಿರು ಹಿಡ್ಕೋ ಪುಟ್ಟಾ" ಎಂದು ಪಕ್ಕೆಲುಬಿನ ಕೆಳಗೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟೆ. ಲಿವರ್‌ನ ಅಪಧಮನಿ ಮಾಮೂಲಿಗಿಂತ ದಪ್ಪ ಇತ್ತು. ಅದರ ಪಕ್ಕದಲ್ಲಿ ಇರಬೇಕಾದ ಪೋರ್ಟಲ್ ವೇನ್ ಕಾಣಲಿಲ್ಲ. ಕೆಳಗಿನಿಂದ ಅದನ್ನೇ ಹಿಡಿದು ಮೇಲಕ್ಕೆ ಬಂದರೆ ದಾರಿಯಲ್ಲೇ ಹೊರಳಿ ನೇರ ಇನ್‌ಫೀರಿಯರ್ ವೀನಾ ಕೇವಾಕ್ಕೆ, ಅಂದರೆ ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನಾಳಕ್ಕೆ, ಸೇರಿಕೊಂಡಿತ್ತು. ಹೊಲಕ್ಕೆ ಹೋಗಬೇಕಾದ ಕಾಲುವೆಯನ್ನು ಯಾರೋ ಹಳ್ಳಕ್ಕೆ ತಿರುಗಿಸಿದ ಹಾಗೆ. ಬಾಡೂಟದಂಥ ಊಟದಿಂದ ಕರುಳಿನಲ್ಲಿ ಹೆಚ್ಚುವ ಅಮೋನಿಯಾ ಲಿವರ್‌ನಲ್ಲಿ ಶುದ್ಧವಾಗದೆ ಮೆದುಳಿಗೆ ಹೋಗುತ್ತದೆ. ನಿದ್ದೆ ಬರದೆ ಇರುತ್ತದೆಯೇ? ಸೋಮಾರಿತನ ಅಲ್ಲವೇ ಅಲ್ಲ.

ಇದಕ್ಕೆ ಅಬರ್ನೆತಿ ಮಾಲ್‌ಫಾರ್ಮೇಶನ್ ಎನ್ನುತ್ತಾರೆ. ಲಂಡನ್ನಿನ ಸರ್ಜನ್ ಜಾನ್ ಅಬರ್ನೆತಿ 1793ರಲ್ಲಿ ಇದನ್ನು ವರದಿ ಮಾಡಿದರು. ಹತ್ತು ತಿಂಗಳ ಹೆಣ್ಣುಮಗುವಿನ ಶವ ಸೀಳಿ ನೋಡಿದಾಗ ಕಂಡದ್ದು. ಆ ಮಗುವಿನ ಹೃದಯವೂ ಬಲಗಡೆ ಇತ್ತು. ಅದಕ್ಕೇ ಇಂಥ ಕೇಸಲ್ಲಿ ಹೃದಯ, ಗುಲ್ಮ ಎಲ್ಲಿವೆ, ಹೇಗಿವೆ ಎಂದು ನೋಡದೆ ಬಿಡಬಾರದು. ನಮ್ಮ ಹುಡುಗನಿಗೆ ಎರಡೂ ತಮ್ಮ ಜಾಗದಲ್ಲೇ ಇವೆ.

ಮಧ್ಯಾಹ್ನ ಸಿಟಿ ಮಾಡಿದೆವು. ಮಗು ಅಲ್ವಾ, ಸುಮ್ನೆ ನಾಲ್ಕು ಸಲ ಎಕ್ಸ್‌ರೇ ಹಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ ಔಷಧಿ) ಕೊಟ್ಟು, ಪೋರ್ಟಲ್ ವೇನ್ ತುಂಬುವ ಹೊತ್ತಿಗೆ, ಅಂದರೆ ಸುಮಾರು ಒಂದು ನಿಮಿಷಕ್ಕೆ, ಒಂದೇ ಸಲ ಸ್ಕ್ಯಾನ್. ಶಂಟ್, ಅಂದರೆ ರಕ್ತ ಲಿವರ್ ತಪ್ಪಿಸಿ ಹೋಗುವ ಆ ಅಡ್ಡದಾರಿ, ಎಲ್ಲಿಂದ ಎಲ್ಲಿಗೆ ಹೋಗಿದೆ, ಎಷ್ಟು ಅಗಲ, ಎಲ್ಲ ನಿಚ್ಚಳವಾಗಿ ಬಂತು. ಲಿವರ್ ಒಳಗೆ ಮಾತ್ರ ಪೋರ್ಟಲ್ ಕವಲುಗಳು ಕಾಣಲಿಲ್ಲ.

ತಲೆನೋವು ಶುರುವಾಗುವುದು ಇಲ್ಲೇ. 1994ರಲ್ಲಿ ಮಾರ್ಗನ್ ಮತ್ತು ಸುಪೆರಿನಾ ಎಂಬ ವೈದ್ಯರು ಇದನ್ನು ಎರಡು ಬಗೆ ಮಾಡಿದರು. ಮೊದಲನೆಯದರಲ್ಲಿ ಲಿವರ್‌ಗೆ ಪೋರ್ಟಲ್ ರಕ್ತ ಹೋಗುವುದೇ ಇಲ್ಲ. ಎರಡನೆಯದರಲ್ಲಿ ಸ್ವಲ್ಪ ಹೋಗುತ್ತದೆ, ಉಳಿದದ್ದು ಶಂಟ್ ಪಾಲು. ಎರಡನೆಯದಾದರೆ ಶಂಟ್ ಮುಚ್ಚಬಹುದು, ಆಪರೇಶನ್ ಮಾಡಿಯೋ, ಕ್ಯಾತಿಟರ್‌ನಿಂದ (ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಪ್ಲಗ್ ಇಟ್ಟೋ. ಮೊದಲನೆಯದಕ್ಕೆ ಹಾಗೆ ಮುಚ್ಚಿದರೆ ಕರುಳಿನ ರಕ್ತ ಹೋಗಲು ದಾರಿಯೇ ಇರುವುದಿಲ್ಲ. ಕಾಯಿಲೆ ಜೋರಾದಾಗ ಲಿವರ್ ಕಸಿಯೇ ಗತಿ. ಒಂದು ಕುಟುಂಬಕ್ಕೆ ಈ ಎರಡರ ನಡುವೆ ಎಷ್ಟು ದೂರ!

ಆದರೆ ಸಿಟಿಯಲ್ಲಿ ಕಾಣದ ಕವಲುಗಳು ನಿಜಕ್ಕೂ ಇಲ್ಲವೆಂದಲ್ಲ. ರಕ್ತವೆಲ್ಲ ಸುಲಭದ ದಾರಿಯಲ್ಲಿ ಓಡಿಹೋಗುವಾಗ ಅವು ನೂಲಿನಷ್ಟು ಸಣ್ಣಗಾಗಿ ಮುದುರಿರುತ್ತವೆ. ಶಂಟ್ ಒಳಗೆ ಬಲೂನ್ ಊದಿ, ದಾರಿ ಕಟ್ಟಿ, ಹಿಂದಿನಿಂದ ಕಾಂಟ್ರಾಸ್ಟ್ ಬಿಟ್ಟರೆ ಎಷ್ಟೋ ಮಕ್ಕಳಲ್ಲಿ ಅವು ತುಂಬಿಕೊಳ್ಳುತ್ತವೆ. ಆಗಲೇ ಪೋರ್ಟಲ್ ಒತ್ತಡವನ್ನೂ ಅಳೆಯಬಹುದು. ಅದು ತೀರಾ ಏರದಿದ್ದರೆ ಒಂದೇ ಸಲಕ್ಕೆ ಮುಚ್ಚಬಹುದು, ಏರಿದರೆ ಹಂತಹಂತವಾಗಿ. ಈ ಪರೀಕ್ಷೆ ಮಾಡದೆ ಯಾವ ಮಗುವಿನ ರಿಪೋರ್ಟ್‌ನಲ್ಲೂ ಮೊದಲನೇ ಬಗೆ ಎಂದು ಬರೆಯಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಸಿಟಿ ಚಿತ್ರ ಎಷ್ಟೇ ಚೆನ್ನಾಗಿರಲಿ.

ಲಿವರ್‌ನಲ್ಲಿ ಎರಡು ಗಂಟುಗಳೂ ಇವೆ. ಪೋರ್ಟಲ್ ರಕ್ತ ಸಿಗದ ಲಿವರ್‌ನಲ್ಲಿ ಇಂಥವು ಬೆಳೆಯುತ್ತವೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಾಗಂತ ಕಡೆಗಣಿಸುವಂತೆಯೂ ಇಲ್ಲ, ಕೆಲವು ಕೆಟ್ಟದ್ದಕ್ಕೆ ತಿರುಗುತ್ತವೆ. ಎಂಆರ್‌ಐ ಬೇಕು.

ಸಂಜೆ ಮಕ್ಕಳ ಡಾಕ್ಟರ್ ಜೊತೆ ಫೋನಿನಲ್ಲಿ ಮಾತಾಡಿದೆ. ಬಲೂನ್ ಪರೀಕ್ಷೆ ಆಗಲೇಬೇಕು ಎಂದೆ, ಒಪ್ಪಿದರು. ಈ ಶಂಟ್‌ನಿಂದ ಶ್ವಾಸಕೋಶದ ರಕ್ತನಾಳಗಳೂ ಕೆಡುತ್ತವೆ. ಹಾಗಾಗಿ ಎಕೋ (ಹೃದಯದ ಸ್ಕ್ಯಾನ್) ಮತ್ತು ಆಕ್ಸಿಜನ್ ಮಟ್ಟ ನೋಡಿಸಲು ಹೇಳಿದ್ದೇನೆ. ತಾಯಿ ಕೇಳಿದ್ದಕ್ಕೆ ಶಾಲೆಗೆ ಕೊಡಲು ಒಂದು ಚೀಟಿಯನ್ನೂ ಬರೆದುಕೊಟ್ಟೆ: ಮಗುವಿಗೆ ಕಾಯಿಲೆ ಇದೆ, ನಿದ್ದೆ ಬಂದರೆ ಬೈಯಬೇಡಿ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.