ಹತ್ತು ಲಕ್ಷದ ಫಂಡೆಡ್ ಅಕೌಂಟಿನಲ್ಲಿ ನಿಮ್ಮ ಬಂಡವಾಳ ಎಷ್ಟು?

ಕಾರವಾರದ ಬಂದರಿನಲ್ಲಿ ಪರ್ಸೀನ್ ಬೋಟು ಹತ್ತುವವನಿಗೆ ಲೆಕ್ಕ ಮೊದಲೇ ಗೊತ್ತು. ಡೀಸೆಲ್, ಐಸು ಯಜಮಾನ ಹಾಕುತ್ತಾನೆ, ಬಿದ್ದ ಮೀನಿನಲ್ಲಿ ಕೆಲಸಗಾರನಿಗೆ ಪಾಲು. ಸಂಸ್ಥೆಯ ದುಡ್ಡಿನಲ್ಲಿ ಷೇರುಪೇಟೆ ವ್ಯಾಪಾರ ಮಾಡುವ ನಿಜವಾದ ಪ್ರಾಪ್ ಡೆಸ್ಕ್ ನಡೆಯುವುದೂ ಹೀಗೆಯೇ. ಷೇರುಪೇಟೆಯ ನಿಯಂತ್ರಕ ಸೆಬಿಯ ನೋಂದಣಿ ಇರುವ ಸಂಸ್ಥೆ ತನ್ನ ದುಡ್ಡು ಹಾಕುತ್ತದೆ, ನಿಮಗೆ ಸಂಬಳ, ಲಾಭ ಬಂದರೆ ಬೋನಸ್. ಸೇರಲು ನೀವು ಫೀ ಕಟ್ಟಬೇಕಿಲ್ಲ. ಸಂಭಾವ್ಯತೆಯ ಗಣಿತ, ಕೋಡಿಂಗ್ ಬರಬೇಕು. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆ ಪಾಸಾಗಿದ್ದರೆ ಒಳ್ಳೆಯದು: 100 ಅಂಕ, ಪಾಸಾಗಲು 60, ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ.

ಶಿರಸಿ, ಕುಮಟಾದ ಹುಡುಗರ ಮೊಬೈಲಿಗೆ ಜಾಹೀರಾತಾಗಿ ಬರುವ ‘ಪ್ರಾಪ್ ಫರ್ಮ್’ ಬೇರೆಯೇ. ಚಾಲೆಂಜ್ ಎಂಬ ಪರೀಕ್ಷೆ ಗೆದ್ದರೆ ಸಂಸ್ಥೆಯ ಹಣದ ‘ಫಂಡೆಡ್ ಅಕೌಂಟ್’ ಕೊಡುತ್ತೇವೆ ಎನ್ನುತ್ತಾರೆ. ಅಲ್ಲಿ ಚಾಲೆಂಜ್ ಫೀ ಕಟ್ಟುವವರು ನೀವು, ಆಮೇಲೆ ಟ್ರೇಡ್ ಮಾಡುವುದು ಹೆಚ್ಚಾಗಿ ನಿಜವಾದ ಹಣವಿಲ್ಲದ ಡೆಮೊ ಖಾತೆಯಲ್ಲಿ.

ಸಾಮಾನ್ಯ ನಿಯಮಗಳನ್ನೇ ಇಟ್ಟು ಲೆಕ್ಕ ಹಾಕೋಣ. ಖಾತೆ 10 ಲಕ್ಷ. ಮೊದಲ ಹಂತದ ಗುರಿ 10%, ಎರಡನೆಯದು 5%. ದಿನದ ನಷ್ಟದ ಮಿತಿ 5%, ಒಟ್ಟು ಮಿತಿ 10%. ಒಂದು ಲಕ್ಷ ಹೋದರೆ ಖಾತೆ ಮುಚ್ಚುತ್ತದೆ, ಅಂದರೆ ನಿಮ್ಮ ಕೈಯಲ್ಲಿರುವುದು ಒಂದೇ ಲಕ್ಷ, ಉಳಿದ ಒಂಬತ್ತು ತೋರಿಕೆಗೆ. ಆ ಒಂದು ಲಕ್ಷ ಕಳೆಯುವ ಮೊದಲು ಅದನ್ನು ಎರಡು ಲಕ್ಷ ಮಾಡಬೇಕು. ವಿಶೇಷ ಕೌಶಲವಿಲ್ಲದ ಹೊಸಬರಿಗೆ ಇದು ನಾಣ್ಯ ಚಿಮ್ಮಿದಂತೆ, ಎರಡರಲ್ಲಿ ಒಂದು. ಎರಡನೇ ಹಂತದಲ್ಲಿ ಗಳಿಸಬೇಕಾದದ್ದು 50,000, ಕಳೆಯಲು ಇರುವುದು ಒಂದು ಲಕ್ಷ, ಹಾಗಾಗಿ ದಾಟುವುದು ಮೂರರಲ್ಲಿ ಎರಡು. ಗುಣಿಸಿದರೆ ಮೂರರಲ್ಲಿ ಒಂದೇ ಪಾಲು. ಸ್ಪ್ರೆಡ್ (ಕೊಳ್ಳುವ, ಮಾರುವ ಬೆಲೆಗಳ ಅಂತರ), ಕಮಿಷನ್, ದಿನದ ಮಿತಿ ಸೇರಿದರೆ ಇನ್ನೂ ಕಡಿಮೆ.

ಟ್ರೇಲಿಂಗ್ ಡ್ರಾಡೌನ್ ಇದ್ದರೆ ಮೊದಲ ಹಂತವೇ ನೂರಕ್ಕೆ 50ರಿಂದ ಸುಮಾರು 37ಕ್ಕೆ ಇಳಿಯುತ್ತದೆ. ಹೊಸಬರು ಹೆಚ್ಚು ಎಡವುವ ನಿಯಮ ಇದು, ಬಿಡಿಸಿ ಹೇಳುತ್ತೇನೆ. ತೆರೆದ ಪೊಸಿಷನ್‌ನಲ್ಲಿ, ಅಂದರೆ ಇನ್ನೂ ಮುಗಿಸದ ಟ್ರೇಡಿನಲ್ಲಿ, ಖಾತೆ 10,60,000ಕ್ಕೆ ಏರಿತು ಅನ್ನಿ. ಖಾತೆ ಮುಚ್ಚುವ ಮಿತಿಯೂ 9 ಲಕ್ಷದಿಂದ 9,60,000ಕ್ಕೆ ಏರುತ್ತದೆ. ಬೆಲೆ ಹಿಂದೆ ಬಂದು ನೀವು 10 ಲಕ್ಷಕ್ಕೇ ಹೊರಬಂದರೆ ಒಂದು ರೂಪಾಯಿಯೂ ನಷ್ಟವಿಲ್ಲ, ಆದರೂ ಉಳಿದ ಅವಕಾಶ 40,000 ಮಾತ್ರ. ಮಿತಿ ಏರುವುದು ತೆರೆದ ಲಾಭದ ಮೇಲೋ, ದಿನದ ಕೊನೆಯ ಬ್ಯಾಲೆನ್ಸ್ ಮೇಲೋ ಎಂಬುದನ್ನು ಫೀ ಕಟ್ಟುವ ಮೊದಲೇ ಓದಿಕೊಳ್ಳಿ.

ಕಾನೂನಿನ ಮಾತೂ ಇದೆ. ಕರೆನ್ಸಿ ವ್ಯಾಪಾರ ನಡೆಸುವ ವಿದೇಶಿ ಫಾರೆಕ್ಸ್ ವೇದಿಕೆಗೆ ಮಾರ್ಜಿನ್ (ಠೇವಣಿ) ಹಣ ಕಳಿಸಲು ವಿದೇಶಿ ವಿನಿಮಯ ಕಾಯ್ದೆ ಫೆಮಾದಲ್ಲಿ ಅವಕಾಶವಿಲ್ಲ. ಅನುಮತಿಯಿಲ್ಲದ ವೇದಿಕೆಗಳ ಬಗ್ಗೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಅಲರ್ಟ್ ಲಿಸ್ಟ್‌ನಲ್ಲಿ ಹೆಸರು ಹುಡುಕಿ ನೋಡಿ. ನಮ್ಮ ಷೇರುಗಳ ಬೆಲೆ ಇಟ್ಟುಕೊಂಡು ನಡೆಸುವ ವರ್ಚುವಲ್ ಟ್ರೇಡಿಂಗ್ ಬಗ್ಗೆ ಸೆಬಿ 2024ರ ನವೆಂಬರಿನಲ್ಲೇ ಎಚ್ಚರಿಸಿದೆ. ಅಲ್ಲಿ ಗೆದ್ದ ಹಣ ಬರದಿದ್ದರೆ ಹೂಡಿಕೆದಾರರಿಗಿರುವ ರಕ್ಷಣೆ ನಿಮಗೆ ಸಿಗುವುದಿಲ್ಲ.

ಹಾಗಂತ ರಿಟೇಲ್, ಅಂದರೆ ಸ್ವಂತ ದುಡ್ಡಿನ ಟ್ರೇಡಿಂಗ್, ಸುಲಭವೇ? ಅಲ್ಲವೇ ಅಲ್ಲ. 2021–22ರಿಂದ 2023–24ರವರೆಗೆ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ನೂರು ಜನರಲ್ಲಿ 93 ಮಂದಿ ಕಳೆದುಕೊಂಡರು ಎನ್ನುತ್ತದೆ ಸೆಬಿ ಅಧ್ಯಯನ. 2023–24ರಲ್ಲಿ ಪ್ರಾಪ್ ಸಂಸ್ಥೆಗಳು ಗಳಿಸಿದ 33,000 ಕೋಟಿಯಲ್ಲಿ ಬಹುಪಾಲು ಆಲ್ಗೊಗಳದ್ದು, ಅಂದರೆ ತಾವಾಗಿಯೇ ಟ್ರೇಡ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂಗಳದ್ದು. ಅವುಗಳ ಎದುರು ಮೊಬೈಲ್ ಹಿಡಿದು ಕೂರುವ ಮೊದಲು ಇದನ್ನು ಯೋಚಿಸಿ.

ಕೈಯಲ್ಲಿ 50,000 ಇದೆ, ಒಂದು ಟ್ರೇಡಿಗೆ 2%, ಅಂದರೆ 1,000ಕ್ಕಿಂತ ಹೆಚ್ಚು ಕಳೆಯಬಾರದು ಎಂದಿಟ್ಟುಕೊಳ್ಳಿ. ನಿಫ್ಟಿ ಆಪ್ಷನ್ನಿನ ಒಂದು ಲಾಟ್ (ಕೊಳ್ಳಬೇಕಾದ ಕನಿಷ್ಠ ಪ್ರಮಾಣ) 65 ಯೂನಿಟ್, ಅದರಲ್ಲಿ ಆ ಸಾವಿರ ಬರೀ 15 ಪಾಯಿಂಟ್. ನೂರು ರೂಪಾಯಿಯ ಆಪ್ಷನ್ ಕೆಲವೇ ನಿಮಿಷಗಳಲ್ಲಿ ಅಷ್ಟು ಅಲುಗಾಡುತ್ತದೆ, ಹಾಗಾಗಿ ನಿಮ್ಮ ಅಂದಾಜು ಸರಿಯಿದ್ದರೂ ಸ್ಟಾಪ್‌ಲಾಸ್ (ನಷ್ಟ ಇಷ್ಟಾದರೆ ಮಾರಿಬಿಡುವ ಆರ್ಡರ್) ಬಡಿಯುತ್ತದೆ. ಅದೇ ದುಡ್ಡಿಗೆ 400 ರೂಪಾಯಿಯ 100 ಷೇರು ಡೆಲಿವರಿಯಲ್ಲಿ, ಅಂದರೆ ಪೂರ್ತಿ ಹಣ ಕೊಟ್ಟು, ಕೊಂಡು 390ಕ್ಕೆ ಸ್ಟಾಪ್ ಇಟ್ಟರೆ ಅಪಾಯ ಅಷ್ಟೇ ಸಾವಿರ, ಬೆಲೆಗೆ ಉಸಿರಾಡಲೂ ಜಾಗ. ಹೊಸಬರಿಗೆ ನನ್ನ ಸಲಹೆ ಇದೇ. ಬೇಕಿದ್ದರೆ ಹತ್ತೇ ಷೇರಿನಿಂದ ಶುರು ಮಾಡಿ, ನೂರು ಟ್ರೇಡಿನ ದಾಖಲೆ ಬರೆದಿಡಿ. ಪ್ರಾಪ್ ಡೆಸ್ಕಿನ ಸಂದರ್ಶನಕ್ಕೂ ಆ ದಾಖಲೆಯೇ ಕೆಲಸಕ್ಕೆ ಬರುತ್ತದೆ.

ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು, ನೆಟ್‌ವರ್ಕ್ ಒಟ್ಟಿಗೇ ಹೋಗುತ್ತವೆ. ಸ್ಟಾಪ್‌ಲಾಸ್ ಮನಸ್ಸಿನಲ್ಲಿದ್ದರೆ ಸಾಲದು, ಕೊಂಡ ಕೂಡಲೇ ಆರ್ಡರ್ ಹಾಕಿಬಿಡಿ. ಸ್ಟಾಪ್‌ಲಾಸ್‌ಗೆ ಲಿಮಿಟ್ ಹಾಕುವಾಗ ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 390 ಇದ್ದರೆ ಲಿಮಿಟ್ (ಮಾರಲು ಒಪ್ಪುವ ಕನಿಷ್ಠ ಬೆಲೆ) 388 ಇರಲಿ. ಎರಡೂ ಒಂದೇ ಆದರೆ ಬೆಲೆ ಒಮ್ಮೆಲೇ 390ಕ್ಕಿಂತ ಕೆಳಗೆ ಬಿದ್ದಾಗ ಆರ್ಡರ್ ಹಾಗೇ ನೇತಾಡುತ್ತದೆ.